ಟವೆಲು ಎತ್ತುವ ಕೈ

ಶ್ರೀರಾಂಪುರದ ನಮ್ಮ ಮನೆಯಲ್ಲಿ ದೇವರಿಗೂ ಹಾರ್ನುಗಳಿಗೂ ಒಂದೇ ಕೋಣೆ. ಮೂರಂಕಣದ ಆ ಮನೆಯಲ್ಲಿ ಮಳೆಗೆ ಸೋರದ ಜಾಗ ಅದೊಂದೇ ಆದ್ದರಿಂದ ಅವ್ವ ದೇವರ ಹಲಗೆಯನ್ನು ಅಲ್ಲಿ ಹೊಡೆಸಿದ್ದಳು, ಅಪ್ಪ ಬಾಡಿಗೆಗೆ ಕೊಡುವ ತನ್ನ ಮೈಕ್ ಸೆಟ್ಟನ್ನೂ ಅಲ್ಲೇ ಇಟ್ಟಿದ್ದ. ಹಾರ್ನುಗಳು ಒಂದರ ಬಾಯಲ್ಲಿ ಒಂದು ತೂರಿಕೊಂಡು, ಗೋಡೆಗೆ ಒರಗಿ, ದೊಡ್ಡ ಉಮ್ಮತ್ತಿ ಹೂಗಳ ಹಾಗೆ ಕೂತಿರುತ್ತಿದ್ದವು. ಅವ್ವ ಬೀರಪ್ಪನಿಗೆ ಊದುಬತ್ತಿ ಬೆಳಗಿದರೆ ಹೊಗೆ ಹಾರ್ನಿನೊಳಗೆ ಹೊಕ್ಕು, ಒಂದಿಷ್ಟು ಹೊತ್ತು ಅಲ್ಲೇ ಇದ್ದು, ನಿಧಾನಕ್ಕೆ ಹೊರಗೆ ಬರುತ್ತಿತ್ತು. ಊದುಬತ್ತಿ, ಬೆಸುಗೆಯ ಸೀಸ, ಬ್ಯಾಟರಿಯ ಹುಳಿ ನಾತ, ಮೂಲೆಯ ಕಂಬಳಿಯ ಉಣ್ಣೆ, ಇವೆಲ್ಲ ಸೇರಿದ್ದೇ ನನ್ನ ಪಾಲಿಗೆ ದೇವರ ವಾಸನೆ. ಈಗ ಹಿರಿಯೂರಿನಲ್ಲಿ ನನ್ನದೇ ಪುಟ್ಟ ದೇವರಮನೆ ಇದೆ, ಟೈಲ್ಸ್ ಹಾಕಿಸಿದ್ದೇವೆ, ತಾಯಿ ದಯೆ. ಆದರೂ ಕಣ್ಣು ಮುಚ್ಚಿ ಕೂತಾಗ ಆ ಸೀಸದ ವಾಸನೆ ಇಲ್ಲದ್ದಕ್ಕೆ ಪೂಜೆ ಅರ್ಧಕ್ಕೇ ನಿಂತ ಹಾಗೆ ಅನ್ನಿಸುವುದುಂಟು.

ಆ ಕೋಣೆಯ ನಡುವೆ ಆಂಪ್ಲಿಫೈಯರ್ ಇಡುವ ಮರದ ಪೆಟ್ಟಿಗೆ. ಅದರ ಮುಖಕ್ಕೆ ಕೆಂಪು ಬಣ್ಣದಲ್ಲಿ ‘ಕಮಲಾಕ್ಷಿ ಸೌಂಡ್ಸ್, ಶ್ರೀರಾಂಪುರ’ ಎಂದು ಬರೆಸಿತ್ತು. ಊರವರು ಯಾವುದೋ ಅಮ್ಮನವರ ಹೆಸರು ಅಂದುಕೊಂಡಿದ್ದರು. ಅಮ್ಮನವರಲ್ಲ, ನನ್ನ ತಂಗಿ. ಅವಳು ಹುಟ್ಟಿದ ವರ್ಷವೇ ಅಪ್ಪ ಕುರಿ ಕಾಯುವುದನ್ನು ಬಿಟ್ಟು ಮೈಕ್ ಸೆಟ್ಟು ತಂದದ್ದು. ಓದಲು ಕಲಿತ ಹೊಸದರಲ್ಲಿ ನಾನು ಆ ಅಕ್ಷರಗಳನ್ನು ಕೂಡಿಸಿಕೊಂಡು ಓದಿ, ಸೀದಾ ಒಲೆ ಮುಂದೆ ಹೋಗಿ ಅವ್ವನನ್ನು ಕೇಳಿದ್ದೆ.

“ನಾನ್ ಹುಟ್ಟಿದಾಗ ಅಪ್ಪ ಏನ್ ತಂದಿದ್ದ?”

“ಎರಡು ಕುರಿ ತಂದಿದ್ದ. ಅವುಕ್ಕೆ ನಿನ್ನೆಸ್ರು ಬರೆಸಾಕಾಗ್ತಿತ್ತಾ?”

ನನ್ನ ಕುರಿಗಳೂ ಸೇರಿ ಮಂದೆಯೆಲ್ಲ ಮಾರಿಹೋಗಿಯೇ ಅವಳ ಹೆಸರಿನ ಪೆಟ್ಟಿಗೆ ಬಂದದ್ದು ಎಂದು ಆಮೇಲೆ ತಿಳಿಯಿತು. ಆಯುಧಪೂಜೆಯ ದಿನ ಪೆಟ್ಟಿಗೆಗೆ ಕುಂಕುಮ ಇಡುವ ಕೆಲಸ ಹಿರಿ ಮಗಳು ಅಂತ ನನ್ನದು. ಕಮಲಿ ಪಕ್ಕದಲ್ಲೇ ನಿಂತು ತನ್ನ ಹೆಸರಿನ ಮೇಲೆ ಬೊಟ್ಟು ನೆಟ್ಟಗೆ ಬಿತ್ತೋ ಇಲ್ಲವೋ ನೋಡುತ್ತಿದ್ದಳು. ಕೈ ಮುಗಿಯುವಾಗ ನಾನು ಮನಸ್ಸಿನಲ್ಲೇ, ಬೀರಪ್ಪ, ಇದು ನಿನಗೆ, ಇವಳಿಗಲ್ಲ, ಎಂದು ಹೇಳಿಕೊಳ್ಳುತ್ತಿದ್ದೆ.

ಅಪ್ಪನಿಗೆ ಎಡಗಿವಿ ಸತ್ತುಹೋಗಿತ್ತು. ಹಾರ್ನಿನ ಬಾಯಿಗೆ ಮುಖ ಕೊಟ್ಟುಕೊಂಡೇ ಕಂಬ ಹತ್ತಿ ಇಳಿದು ಆದ ನಷ್ಟ ಅದು. ಬಲಗಿವಿ ಅರ್ಧ ಉಳಿದಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಅಪ್ಪನ ಬಲಕ್ಕೆ ಬಂದು ಮಾತಾಡಬೇಕು. ಊಟಕ್ಕೆ ಕೂತಾಗ ಬಲಗಡೆಯ ಮಣೆ ಒಂದೇ ಇರುತ್ತಿತ್ತು, ಅದು ಕಮಲಿಯದು. ಅವಳು ಚಿಕ್ಕವಳು, ಮುದ್ದೆ ಮುರಿದು ಕೊಡಬೇಕು ಎಂಬ ನೆಪದಲ್ಲಿ ಸುರುವಾದದ್ದು, ಅವಳೇ ಮುದ್ದೆ ತಿರುವುವಷ್ಟು ದೊಡ್ಡವಳಾದರೂ ಹಾಗೇ ಉಳಿಯಿತು. ಅವಳು ಹುರುಳಿ ಸಾರು ಸುರಿಯುತ್ತ ಇಸ್ಕೂಲಿನದು, ಬಾವಿಕಟ್ಟೆಯದು, ಬಸ್ ಸ್ಟ್ಯಾಂಡಿನದು ಎಲ್ಲ ಹೇಳುತ್ತಿದ್ದಳು. ಅಪ್ಪ ತುತ್ತು ಕೈಯಲ್ಲೇ ಹಿಡಿದು, ತಲೆ ಅವಳ ಕಡೆ ವಾಲಿಸಿ, ಏನವ್ವ, ಇನ್ನೊಂದ್ಸಲ ಹೇಳು, ಅನ್ನುತ್ತಿದ್ದ. ನಾನು ಎಡಕ್ಕೆ ಕೂತು ಹೇಳಿದ್ದೆಲ್ಲ ಸಾರಿನ ಆವಿಯ ಜೊತೆ ಮಾಳಿಗೆಗೆ ಹೋಗುತ್ತಿತ್ತು. ಒಮ್ಮೆ ರೋಸಿಹೋಗಿ, ನಾನು ಬಡಿಸೋಳು, ನಾಳೆಯಿಂದ ಬಲಗಡೆ ನನಗೇ ಬೇಕು ಎಂದು ತಟ್ಟೆ ನೂಕಿದೆ. ಅವ್ವ ತಟ್ಟೆಯನ್ನು ವಾಪಸು ನೂಕಿ, ಉಣ್ಣು, ತಣ್ಗಾದ್ರೆ ಮುದ್ದೆ ಗಂಟಲಾಗೆ ಇಳಿಯಲ್ಲ, ಅಂದಳು. ಅಷ್ಟೇ ನ್ಯಾಯ.

ಮಲಗುವ ಮುಂಚೆ ಅವ್ವನದೊಂದು ನೇಮ ಇತ್ತು. ಆ ದಿನ ದೇವರು ಕೊಟ್ಟದ್ದನ್ನು ಬೆರಳಿನ ಗೆಣ್ಣು ಮುಟ್ಟುತ್ತ ನೆನೆಯಬೇಕು. ಬಿಸಿಲು ಬಿದ್ದು ಶೇಂಗಾ ಒಣಗಿತು, ಒಂದು ಗೆಣ್ಣು. ಜ್ವರ ಬಿಟ್ಟಿತು, ಒಂದು ಗೆಣ್ಣು. ನಾನು ಇವತ್ತಿಗೂ ಅದನ್ನು ಬಿಟ್ಟಿಲ್ಲ, ನನ್ನನ್ನು ಕಾಪಾಡಿದ ನೇಮ ಅದು. ಆದರೆ ಆ ವಯಸ್ಸಿನಲ್ಲಿ ಕಂಬಳಿಯೊಳಗೆ ನಾನು ಎಣಿಸುತ್ತಿದ್ದದ್ದು ದೇವರು ಕಮಲಿಗೆ ಕೊಟ್ಟದ್ದನ್ನು. ಬೆರಳು ನನ್ನವು, ಲೆಕ್ಕ ಅವಳದು.

ಎಲ್ಲಕ್ಕಿಂತ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು ‘ಅಳತೆ’. ಯಾವುದಾದರೂ ದೊಡ್ಡ ಕಾರ್ಯಕ್ಕೆ ಸೆಟ್ಟು ಹೋಗುವ ಮುಂಚೆ ಪ್ರತಿ ಹಾರ್ನಿನ ಮಾತು ಎಲ್ಲಿಯವರೆಗೆ ಮಾತಾಗಿ ಕೇಳುತ್ತದೆ ಎಂದು ಅಪ್ಪ ನೋಡುತ್ತಿದ್ದ. ಶಬ್ದ ಕೇಳಿದರೆ ಸಾಲದು. ಶಬ್ದ ನಾಯಿಗೂ ಕೇಳ್ತೈತೆ, ಮಾತು ತಿಳೀಬೇಕು, ಅನ್ನುತ್ತಿದ್ದ. ಹಿತ್ತಲ ಬೇವಿನ ಮರಕ್ಕೆ ಹಾರ್ನು ಕಟ್ಟಿ ಮತ್ತೋಡು ದಾರಿಯ ಹೊಲಗಳ ಕಡೆ ಬಾಯಿ ತಿರುಗಿಸುತ್ತಿದ್ದ. ನಾನು ಬಾಗಿಲಲ್ಲಿ ಮೈಕು ಹಿಡಿದು ಕೂತು ಒಂದಕ್ಕೊಂದು ಸಂಬಂಧ ಇಲ್ಲದ ಮಾತುಗಳನ್ನು ನಿಲ್ಲಿಸಿ ನಿಲ್ಲಿಸಿ ಹೇಳಬೇಕು. ಕೊಡಲಿ. ಮಂಗಳವಾರ. ಹುಣಸೆಹಣ್ಣು. ನಮ್ಮತ್ತೆ. ಅಪ್ಪ ಕಮಲಿಯನ್ನು ಬಲಕ್ಕೆ ಇಟ್ಟುಕೊಂಡು, ಅವಳ ಹೆಗಲ ಮೇಲೆ ಕೈ ಹಾಕಿ, ಹೊಲದ ಬದುವಿನ ಮೇಲೆ ದೂರ ದೂರ ಹೋಗುತ್ತಿದ್ದ. ಅವನ ಕಿವಿ ನಂಬುವ ಹಾಗಿರಲಿಲ್ಲವಲ್ಲ, ಅವಳು ಕೇಳಿದ್ದನ್ನು ಕೇಳಿದ ಹಾಗೆ ಅವನಿಗೆ ಕೂಗಿ ಹೇಳುವಳು. ಯಾವ ಜಾಗದಲ್ಲಿ ಮಾತು ಒಡೆದು ಬರೀ ಗೂಂ ಅನ್ನುತ್ತದೋ ಅಲ್ಲಿ ನಿಂತು ಅವಳು ಅಪ್ಪನ ಬಿಳಿ ಟವೆಲನ್ನು ಮೇಲೆತ್ತಬೇಕು. ಅದು ಕಂಡ ಕೂಡಲೇ ನಾನು ಸುಮ್ಮನಾಗಬೇಕು. ವಾಪಸು ಬಂದು ಕಮಲಿ ಕೊನೆಗೆ ಕೇಳಿದ ಮಾತು ಹೇಳುವಳು, ನಾನು ಹೌದು ಅನ್ನುವೆ, ಅಪ್ಪ ಆ ಹಾರ್ನಿನ ಬೆನ್ನಿಗೆ ಸುಣ್ಣದಲ್ಲಿ ಗುರುತು ಹಾಕುವ. ಕಾರ್ಯದ ಜಾಗದಲ್ಲಿ ಯಾವ ಹಾರ್ನು ಎಷ್ಟು ದೂರಕ್ಕೆ ಕಟ್ಟಬೇಕು ಎಂಬುದೆಲ್ಲ ಆ ಗುರುತಿನ ಮೇಲೆಯೇ.

ನನ್ನ ಗಂಟಲು ಚೆನ್ನಾಗಿದೆ ಎಂದು ನನಗೆ ಮೈಕು ಕೊಟ್ಟಿದ್ದರು. ಹೊಗಳಿಕೆ ಅಂತಲೇ ಎಲ್ಲರೂ ಹೇಳುತ್ತಿದ್ದರು. ಆದರೆ ಮಾತಾಡುವವಳಿಗೆ ಮಾತು ಎಲ್ಲಿಗೆ ಮುಟ್ಟಿತು ಎಂದು ಯಾವತ್ತೂ ತಿಳಿಯುವುದಿಲ್ಲ. ನಾನು ನೋಡುತ್ತಿದ್ದದ್ದು ಹೊಲದಲ್ಲಿ ಚಿಕ್ಕದಾಗುತ್ತ ಹೋಗುವ ಎರಡು ಬೆನ್ನುಗಳನ್ನು, ಒಂದರ ಮೇಲೆ ಇನ್ನೊಂದರ ಕೈಯನ್ನು. ನನಗೆ ಬೇಕಿದ್ದದ್ದು ಒಂದೇ. ಒಂದು ಸಲ, ಒಂದೇ ಸಲ, ಆ ಕಡೆ ನಾನಿರಬೇಕು. ಟವೆಲು ನನ್ನ ಕೈಯಲ್ಲಿರಬೇಕು.

ಒಂದು ಭಾದ್ರಪದದಲ್ಲಿ ಆದದ್ದು ನನ್ನ ಆಸೆಯ ಮೇಲೆ ಇನ್ನಷ್ಟು ಮಣ್ಣು ಎಳೆಯಿತು. ಗಣಪನನ್ನು ಬಿಡಲು ಊರೆಲ್ಲ ಕೆರೆಗೆ ಹೋಗಿತ್ತು. ಅಪ್ಪನ ಹಾರ್ನು ಗಾಡಿಯ ಹಿಂದೆ ಕಟ್ಟಿತ್ತು, ಭಜನೆ ಹಾಕಿತ್ತು. ಗಾಡಿಯನ್ನು ನೀರಿಗೆ ಹಿಮ್ಮುಖ ಇಳಿಸುವಾಗ ಹಗ್ಗ ಸಡಿಲಿ ಹಾರ್ನು ಬೋರಲು ಬಿದ್ದು, ಹಾಡುತ್ತಲೇ ಮುಳುಗಿತು. ನಾವು ಹುಡುಗಿಯರು ಸೊಂಟದ ನೀರಿನಲ್ಲಿ ನಿಂತಿದ್ದೆವು. ಕಮಲಿ ಗಾಬರಿಯಲ್ಲಿ ಜಾರಿ ತಲೆ ಮುಳುಗಿ ಎದ್ದಳು. ಎದ್ದವಳು ಕೆಮ್ಮುವುದನ್ನೂ ಮರೆತು ಅಪ್ಪನನ್ನು ಕೂಗಿದಳು.

“ಅಪ್ಪಾ, ಒಳಗೆ ಹಾಡ್ತಾ ಐತೆ. ಯಾವ ಕಡೆಯಿಂದ ಅಂತ ಗೊತ್ತಾಗಲ್ಲ. ತಲೆಯಾಗೇ ಕುಂತ್ಕಂಡು ಹಾಡ್ದಂಗೈತೆ.”

ದಡದ ಮೇಲಿದ್ದ ಗಂಡಸರು ನಕ್ಕರು. ಗಣಪ್ಪ ಒಳಗೋಗಿ ಕೇಳ್ತಾವ್ನೆ, ತೆಗೀಬ್ಯಾಡ ಬಿಡಪ್ಪ, ಎಂದು ಒಬ್ಬ ಗೇಲಿ ಮಾಡಿದ. ಅಪ್ಪ ನಗಲಿಲ್ಲ. ಹಾರ್ನು ಹೋಯಿತಲ್ಲ ಎಂಬ ಚಿಂತೆಯನ್ನೂ ಬಿಟ್ಟು ಅವಳ ಪಕ್ಕ ಮುಳುಗಿದ. ಎದ್ದು ಬಂದಾಗ ಅವನ ಮುಖ ನೋಡಬೇಕಿತ್ತು. ಹೌದು ಕಣ್ರೋ, ಅಂದ. ಆಮೇಲೆ ನಾನೂ ಮೂಗು ಹಿಡಿದು ಮುಳುಗಿದೆ. ಅಷ್ಟರಲ್ಲಿ ಯಾರೋ ಬ್ಯಾಟರಿಯ ತಂತಿ ಕಿತ್ತಿದ್ದರು. ನೀರಿನೊಳಗೆ ನನಗೆ ಕೇಳಿದ್ದು ನನ್ನ ಎದೆಯ ಬಡಿತ ಮಾತ್ರ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವರಿಬ್ಬರೂ ನೀರಿನಲ್ಲಿ ಹಾಡು ಹೇಗೆ ನಡೆಯುತ್ತದೆ ಎಂದು ಮಾತಾಡಿಕೊಂಡೇ ಹೋದರು. ನಾನು ಒದ್ದೆ ಲಂಗ ಹಿಂಡಿಕೊಳ್ಳುತ್ತ ಹಿಂದೆ ಬಂದೆ. ಆ ದಿನ ಕಂಬಳಿಯೊಳಗೆ ಕಮಲಿಯ ಲೆಕ್ಕಕ್ಕೆ ನನ್ನ ಬೆರಳು ಸಾಲಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಮಲಿಗೆ ಮಂಗಬಾವು ಬಂತು. ಎರಡೂ ಕೆನ್ನೆ ಊದಿ, ಕಿವಿಯ ಬುಡ ನೋಯುತ್ತದೆ ಎಂದು ಅಳುತ್ತಿದ್ದಳು. ಅವ್ವ ಏನೋ ಲೇಪ ಹಚ್ಚಿ, ತಲೆಗೆ ಮಫ್ಲರ್ ಸುತ್ತಿ ಕೂರಿಸಿದ್ದಳು. ಅದೇ ವಾರ ಹೊಳಲ್ಕೆರೆಯಲ್ಲಿ ಸಾಮೂಹಿಕ ಮದುವೆಗೆ ಅಪ್ಪನ ಸೆಟ್ಟು ಗೊತ್ತಾಗಿತ್ತು. ಅಷ್ಟು ದೊಡ್ಡ ಮೈದಾನದ ಕೆಲಸ ಅಪ್ಪನಿಗೆ ಅದೇ ಮೊದಲು. ಅದಕ್ಕೆಂದೇ ಒಂದು ಹೊಸ ಹಾರ್ನು ತಂದಿದ್ದ, ಅದನ್ನು ಅಳೆಯಲೇಬೇಕು. ಅಪ್ಪ ಅಂಗಳದಲ್ಲಿ ನಿಂತು ಮಫ್ಲರಿನ ತಲೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ರತ್ನಿ, ಬಾ ಹೋಗಾಣ.”

ಕಮಲಿಯ ಕಾಯಿಲೆಗೆ ನಾನು ದೇವರಿಗೆ ಕೈ ಮುಗಿದಿರಲಿಲ್ಲ, ಅಷ್ಟು ಕೆಟ್ಟವಳಲ್ಲ. ಆದರೆ ಆ ಮೂರು ಮಾತಿಗೆ ಮುಗಿದೆ. ಟವೆಲು ನನ್ನ ಕೈಗೆ ಬಂತು. ಅಪ್ಪನ ಬೆವರು, ಬೀಡಿ, ತೆಂಗಿನೆಣ್ಣೆ ಎಲ್ಲ ಅದರಲ್ಲಿತ್ತು. ಅವನ ಕೈ ನನ್ನ ಹೆಗಲ ಮೇಲೆ ಬಿದ್ದಾಗ ಅದು ಇಷ್ಟು ಭಾರ ಇರುತ್ತದೆ ಎಂದು ಗೊತ್ತಿರಲಿಲ್ಲ. ಮೈಕು ಕಮಲಿಗೆ ಕೊಟ್ಟಿದ್ದೆವು. ಹಿಂದಿನಿಂದ ಹಾರ್ನು ಮಾತಾಡತೊಡಗಿತು, ನಾನು ಕೇಳಿದ್ದನ್ನು ಅಪ್ಪನ ಬಲಗಿವಿಗೆ ಹೇಳುತ್ತ ನಡೆದೆ. ಅದು ನಾನು ದಿನಾ ಸಂಜೆ ದೀಪ ಹಚ್ಚಿ ಹೇಳುತ್ತಿದ್ದ ಬೀರಪ್ಪನ ಸ್ತುತಿ. ಬಾಯಿ ತೆರೆದರೆ ನೋವು, ಹೊಸ ಮಾತು ಹುಡುಕಲು ಅವಳಿಗೆ ಮನಸ್ಸಿಲ್ಲ, ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಾಳೆ ಎಂದುಕೊಂಡೆ. ದೇವರ ಮಾತೇ ಬಂತಲ್ಲ, ಒಳ್ಳೆಯ ಶಕುನ ಅಂತಲೂ ಅನ್ನಿಸಿತು. ಹುಣಸೆಮರ ದಾಟಿದೆವು. ಕಮಲಿ ಯಾವಾಗಲೂ ಟವೆಲು ಎತ್ತುತ್ತಿದ್ದದ್ದು ಅಲ್ಲಿ. ನನಗೆ ಇನ್ನೂ ಕೇಳುತ್ತಿತ್ತು. ಶೇಂಗಾ ಹೊಲ ದಾಟಿದೆವು, ಇನ್ನೂ ಕೇಳುತ್ತಿತ್ತು. ಒಂದೊಂದು ಸಾಲೂ ಸ್ಪಷ್ಟ. ಅಪ್ಪ ನಿಂತು ನಿಂತು ನನ್ನ ಮುಖ ನೋಡುವ.

“ಇನ್ನೂ ಕೇಳ್ತೈತಾ ಮಗ?”

“ಕೇಳ್ತೈತೆ ಅಪ್ಪ. ಹಾಲು ತುಪ್ಪ ಅಂತ ಬಂತು. ಈಗ ಗುಡಿ ಬಾಗ್ಲು ಅಂತ.”

ಕೆರೆಯ ಏರಿಯ ಮೇಲೆ ನಿಂತು ನಾನು ಟವೆಲು ಎತ್ತಿದೆ. ಅಷ್ಟು ದೂರ ಯಾವ ಹಾರ್ನೂ ಬಂದಿರಲಿಲ್ಲ, ಯಾವ ಕಿವಿಯೂ ಕೇಳಿರಲಿಲ್ಲ. ಅಪ್ಪ ಹಿಗ್ಗಿಹೋದ. ಒಳ್ಳೆ ಮಾಲು ಸಿಕ್ತು ಕಣೇ, ನಿನ್ನ ಕಿವಿನೂ ಒಳ್ಳೇದೈತೆ, ಅಂದ. ಮನೆಗೆ ಬಂದು ನಾನು ಕೊನೆಯ ಮಾತು ಹೇಳಿದೆ, ಕಮಲಿ ಮಫ್ಲರಿನೊಳಗಿಂದ ಹೂಂ ಎಂದು ತಲೆ ಆಡಿಸಿದಳು. ಅಪ್ಪ ಸುಣ್ಣದ ಗುರುತು ಹಾಕಿದ. ಆ ದಿನ ಊಟಕ್ಕೆ ಬಲಗಡೆಯ ಮಣೆಯ ಮೇಲೆ ನಾನು ಕೂತೆ. ಕಮಲಿಗೆ ಗಂಜಿ, ಹಾಸಿಗೆಯಲ್ಲೇ.

ಹೊಳಲ್ಕೆರೆಯ ಮೈದಾನದಲ್ಲಿ ಅಪ್ಪ ಆ ಗುರುತನ್ನು ನಂಬಿ ಹೊಸ ಹಾರ್ನೊಂದಕ್ಕೇ ಇಡೀ ಹಿಂಭಾಗವನ್ನು ಬಿಟ್ಟುಕೊಟ್ಟ. ನಮ್ಮನ್ನೂ ಕರೆದುಕೊಂಡು ಹೋಗಿದ್ದ. ಸಾಲು ಸಾಲಾಗಿ ಮಣೆ, ಮಣೆಯ ಮೇಲೆ ಮದುಮಕ್ಕಳು. ಈಗ ಅಕ್ಕಿ ಹಾಕಿ, ಈಗ ಎದ್ದು ನಿಲ್ಲಿ, ಈಗ ತಾಳಿ ಕಟ್ಟಿ ಎಂದು ಪುರೋಹಿತರು ಮೈಕಿನಲ್ಲಿ ಹೇಳಿದ ಹಾಗೆ ಎಲ್ಲರೂ ಮಾಡಬೇಕು. ಮುಂದಿನ ಸಾಲಿನವರು ಮಾಡಿದರು. ಹಿಂದಿನ ಸಾಲುಗಳಿಗೆ ಬಂದದ್ದು ಜೇನುಗೂಡಿನ ಸದ್ದು. ಕೆಲವರು ಮುಂದಿನವರ ಬೆನ್ನು ನೋಡಿ ಎದ್ದರು, ಕೆಲವರು ಕೂತೇ ಇದ್ದರು. ಒಬ್ಬ ಮದುಮಗ ತಾಳಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಈಗ್ಲೋ ಆಮ್ಯಾಕೋ, ಎಂದು ಹೆಣ್ಣನ್ನೇ ಕೇಳುತ್ತಿದ್ದ. ಆಕೆ ತಲೆ ಬಗ್ಗಿಸಿಯೇ, ನಂಗೇನ್ ಗೊತ್ತು, ಕಟ್ರಿ ಅತ್ಲಾಗೆ, ಅಂದಳು. ಕೊನೆಗೆ ಅಪ್ಪ ಚಪ್ಪಲಿ ಬಿಟ್ಟು ಮೈದಾನದುದ್ದಕ್ಕೂ ಓಡಿ, ಸಾಲುಸಾಲಿಗೂ ಬಾಯಲ್ಲೇ ಕೂಗಿ ಹೇಳಿ ಮದುವೆ ಮುಗಿಸಿದ. ಎಲ್ಲ ತಾಳಿಗಳೂ ರಾಹುಕಾಲ ಬರುವ ಮುಂಚೆ ಕೊರಳಿಗೆ ಬಿದ್ದವು, ದೇವರು ದೊಡ್ಡವನು. ಆದರೆ ಮೈಕ್ ಸೆಟ್ಟಿನ ಯಜಮಾನನೇ ಮೈಕಾದ ಎಂದು ಹೊಳಲ್ಕೆರೆಯವರು ಬಹಳ ದಿನ ನಕ್ಕರು.

ಮನೆಗೆ ಬಂದು ಉಣ್ಣುವಾಗ ಅಪ್ಪ ಕಮಲಿಯನ್ನು ಕೇಳಿದ. ಅವಳ ಕೆನ್ನೆ ಇಳಿದಿತ್ತು, ಬಲಗಡೆಯ ಮಣೆಗೆ ವಾಪಸು ಬಂದಿದ್ದಳು.

“ಅವತ್ತು ಮೈಕ್‌ನಾಗೆ ಏನ್ ಹೇಳ್ದೆ ನೀನು?”

“ಅಕ್ಕ ಸಂಜೆ ಹೇಳ್ತಾಳಲ್ಲ, ಬೀರಪ್ಪಂದು.”

ಅಪ್ಪ ತುತ್ತು ಕೆಳಗಿಟ್ಟ. ಬೈಯುತ್ತಾನೆ ಅಂದುಕೊಂಡೆ. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದ.

“ರತ್ನಿ, ಗೊತ್ತಿರೋ ಮಾತು ಕಿವಿಗೆ ಬೀಳಾಕ್ ಮುಂಚೇನೇ ಒಳಗೆ ಹುಟ್ಕಂಡ್ಬಿಡ್ತೈತೆ. ನಿಂಗೆ ಕೇಳಿದ್ದು ಹಾರ್ನಲ್ಲ, ನಿನ್ನ ನೀನೇ. ಅದು ಅಳತೆ ಅಲ್ಲ.”

ಬೈದಿದ್ದರೆ ಸಹಿಸುತ್ತಿದ್ದೆ. ಸ್ತುತಿ ಹೇಳಿದವಳು ಅವಳು, ಸೋತವಳು ನಾನು. ಅಳತೆಗೆ ಮತ್ತೆ ಅವಳೇ ಹೋದಳು, ನಾನು ಮತ್ತೆ ಬಾಗಿಲಲ್ಲಿ ಕೂತು ಕೊಡಲಿ, ಮಂಗಳವಾರ ಅನ್ನತೊಡಗಿದೆ. ಆ ಬೇಸಿಗೆಯಲ್ಲಿ ಅವ್ವ ಯಾರಿಗೂ ಕಾಣದ ಹಾಗೆ ನನ್ನ ರೊಟ್ಟಿಯ ಕೆಳಗೆ ಬೆಣ್ಣೆ ಇಡುತ್ತಿದ್ದಳು. ಆಗ ಅದನ್ನು ಗೆಣ್ಣಿಗೆ ಎಣಿಸಲಿಲ್ಲ. ಈಗ ಎಣಿಸುತ್ತೇನೆ.

ಕಾಲ ತನ್ನ ಪಾಡಿಗೆ ನಡೆಯಿತು. ನಾನು ಹಿರಿಯೂರಿಗೆ ಸೊಸೆಯಾಗಿ ಬಂದೆ. ಕಮಲಿ ಓದಿದಳು, ಇನ್ನೂ ಓದಿದಳು, ಓದಿ ಮುಗಿಯದೆ ಸಮುದ್ರದ ದಂಡೆಯ ಒಂದು ಸಂಶೋಧನಾ ಕೇಂದ್ರಕ್ಕೆ ಸೇರಿದಳು. ನೀರಿನೊಳಗೆ ಮಾತು ಕಳಿಸುವುದು ಅವಳ ಕೆಲಸ. ನೀರೊಳಗೆ ಇಳಿದು ಕೆಲಸ ಮಾಡುವವರು ಮೇಲಿನವರೊಡನೆ ಮಾತಾಡಲು ರೇಡಿಯೋ ನೀರಿನಲ್ಲಿ ನಡೆಯುವುದಿಲ್ಲವಂತೆ, ಶಬ್ದವನ್ನೇ ಕಳಿಸಬೇಕಂತೆ. ಶ್ರೀರಾಂಪುರದ ಕೆರೆಯಲ್ಲಿ ಜಾರಿ ಬಿದ್ದದ್ದಕ್ಕೂ ಸಂಬಳ ಕೊಡುತ್ತಾರೆ ಎಂದು ನಾನು ನನ್ನ ಯಜಮಾನರ ಹತ್ತಿರ ಅಂದಿದ್ದೆ. ಅವ್ವ ಹೋದ ಮೇಲೆ ಅಪ್ಪ ನಮ್ಮ ಮನೆಗೆ ಬಂದ. ಬಲಗಿವಿಗೆ ಮಿಷನ್ನು ಹಾಕಿಸಿದ್ದೇವೆ. ಅಪ್ಪ ನನ್ನ ಜೊತೆ ಇದ್ದಾನೆ, ಅವನ ಹಲ್ಲಿಗೆ ತಕ್ಕ ಮೆತ್ತನೆ ಮುದ್ದೆ ನನ್ನ ಕೈಯಲ್ಲಿ ಆಗುತ್ತದೆ, ಇದು ನನ್ನ ಪುಣ್ಯ. ಆದರೆ ಸಂಜೆ ಕಮಲಿಯ ಫೋನು ಬಂದರೆ ಅಪ್ಪನ ಚಹರೆಯೇ ಬೇರೆ. ಫೋನನ್ನು ಮಿಷನ್ನಿಗೆ ಒತ್ತಿ, ಕಣ್ಣು ಮುಚ್ಚಿ, ಏನವ್ವ, ಇನ್ನೊಂದ್ಸಲ ಹೇಳು, ಅನ್ನುತ್ತಾನೆ. ನಾನು ಹಗಲೆಲ್ಲ ಮಾತಾಡಿದರೂ ಒಂದು ದಿನ ಇನ್ನೊಂದ್ಸಲ ಹೇಳು ಅಂದವನಲ್ಲ. ಅಡುಗೆಮನೆಯಿಂದ ಏನಂದರೂ ಹೂಂ ಅನ್ನುತ್ತಾನೆ, ಲೋಟ ಚಾಚುತ್ತಾನೆ, ಅಷ್ಟೇ. ನನ್ನ ಮಾತಿಗೆ ಕಿವಿ ಕೊಡುವಷ್ಟೂ ಬೆಲೆ ಇಲ್ಲ ಎಂದು ನಾನು ಒಗ್ಗರಣೆಗೆ ಸಾಸಿವೆ ಜೋರಾಗಿ ಹಾಕುತ್ತಿದ್ದೆ.

ಹೋದ ಚಳಿಗಾಲದಲ್ಲಿ ಕಮಲಿ ತನ್ನ ತಂಡದ ಜೊತೆ ಇಲ್ಲೇ ಹತ್ತಿರದ ಮಾರಿಕಣಿವೆ ಅಣೆಕಟ್ಟಿಗೆ ಬಂದಳು. ಎರಡು ಗುಡ್ಡಗಳ ನಡುವೆ ನಿಂತ ಆಳದ ನೀರು ಅವಳಿಗೆ ಬೇಕಿತ್ತಂತೆ. ನಮ್ಮ ಮನೆಯಲ್ಲೇ ಉಳಿದಳು. ಮೊದಲ ದಿನವೇ ಸದ್ದು ಅಳೆಯುವ ಒಂದು ಸಣ್ಣ ಮೀಟರ್ ಹಿಡಿದು ಅಡುಗೆಮನೆಯೆಲ್ಲ ಓಡಾಡಿ, ನಿನ್ನ ಮಿಕ್ಸಿ ಗಲಾಟೆಗೆ ನಿನ್ ಕಿವಿನೂ ಹೋಗ್ತೈತೆ ನೋಡಕ್ಕ, ಎಂದು ನಕ್ಕಳು. ನನ್ನ ಕಿವಿಯ ಸುದ್ದಿ ನಿನಗ್ಯಾಕೆ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಕೆಲಸ ಮುಗಿಯುವ ಕೊನೆಯ ದಿನ ಅಪ್ಪನನ್ನು ಕರೆದೊಯ್ಯುವುದಾಗಿ ಹೇಳಿದಳು. ನಾನು ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಟೆ. ಮೊದಲು ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದೆ. ಅವರಿಬ್ಬರೂ ಗುಡಿಯ ಮೆಟ್ಟಿಲ ಮೇಲೆ ಕೂತು ನೀರು ತೋರಿಸಿಕೊಂಡು ಮಾತಾಡುತ್ತಿದ್ದರು. ಕಮಲಿ ಅವನ ಬಲಕ್ಕೆ.

ನೀರಿನ ಹತ್ತಿರ ಅವಳು ಎಲ್ಲ ತೋರಿಸಿದಳು. ದಡದ ದೋಣಿಯಿಂದ ಕರಿಯ ಚೆಂಡಿನಂಥ ಸ್ಪೀಕರನ್ನು ನೀರಿಗೆ ಇಳಿಬಿಟ್ಟಿದ್ದರು. ದೂರ ಹೋಗುವ ದೋಣಿಯಲ್ಲಿ ನೀರಿನೊಳಗಿನ ಮೈಕು, ಅದಕ್ಕೊಂದು ಯಂತ್ರ, ಕೇಳಲು ಹೆಡ್‌ಫೋನು. ನೀರಲ್ಲಿ ಮಾತು ಗಾಳಿಗಿಂತ ಬೇಗ ಹೋಗ್ತೈತಪ್ಪ, ಆದ್ರೆ ಗುಡ್ಡಕ್ಕೆ ಬಡ್ಕಂಡು, ತಳಕ್ಕೆ ಬಡ್ಕಂಡು, ಒಂದ್ರ ಮೇಲೊಂದು ಬಿದ್ದು ಕಲಸಿಹೋಗ್ತೈತೆ, ಎಂದು ವಿವರಿಸಿದಳು. ಅದಕ್ಕೇ ಸಂಬಂಧ ಇಲ್ಲದ ಮಾತುಗಳನ್ನು ಓದಿಸಿ ಎಷ್ಟು ತಿಳಿಯುತ್ತದೆ ಎಂದು ನೋಡುವುದು. ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ.

“ಟವೆಲು ಯಾರು ಎತ್ತಾರು?”

ಕಮಲಿ ನಕ್ಕು ಅವನನ್ನೇ ದೋಣಿಗೆ ಹತ್ತಿಸಿಕೊಂಡಳು. ಕಿತ್ತಳೆ ಬಣ್ಣದ ಜಾಕೀಟು ಹಾಕಿಸಿ, ಕಿವಿಯ ಮಿಷನ್ನು ತೆಗೆಸಿ ನನ್ನ ಕೈಗೆ ಕೊಟ್ಟು, ಹೆಡ್‌ಫೋನು ಏರಿಸಿದಳು. ಅಪ್ಪನ ಹೆಗಲ ಮೇಲೆ ಬಿಳಿ ಟವೆಲು. ದೋಣಿ ದೂರ ಹೋಯಿತು. ನಾನು ಮತ್ತೆ ದಡದಲ್ಲಿ. ಕಮಲಿಯ ತಂಡದ ಹುಡುಗಿಯೊಬ್ಬಳು ದಡದ ಮೈಕಿನಲ್ಲಿ ಮಾತುಗಳನ್ನು ಓದಿದಳು. ಕಮಲಿ ಆ ಕಡೆಯಿಂದ ಫೋನಿನಲ್ಲಿ, ಅಪ್ಪಂಗೆ ಒಂದೂ ತಿಳೀತಿಲ್ಲ, ಇನ್ನೊಂದ್ಸಲ ಓದಿ, ಅಂದಳು. ಮತ್ತೆ ಓದಿದಳು, ಮತ್ತೆ ತಿಳಿಯಲಿಲ್ಲ. ಹಾಗಾದ್ರೆ ಅಕ್ಕಂಗೆ ಕೊಡಿ, ಚಿಕ್ಕಂದಿನಾಗೆ ಅವಳೇ ಓದ್ತಿದ್ದದ್ದು, ಎಂದಳು. ಆ ಹುಡುಗಿ, ಅಮ್ಮಾ, ಇದನ್ನ ಓದ್ರಿ, ಎಂದು ಹಾಳೆ ಚಾಚಿದಳು. ನನ್ನ ಕನ್ನಡಕ ಮನೆಯಲ್ಲಿತ್ತು. ಅಕ್ಷರಗಳೆಲ್ಲ ಇರುವೆ ಸಾಲು. ಮೈಕು ಹಿಡಿದು ಸುಮ್ಮನೆ ನಿಲ್ಲಲು ನಾಚಿಕೆಯಾಗಿ, ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಅಪ್ಪ, ಮಾತ್ರೆ ತಗಂಡ್ಯಾ. ನೀರು ಕಾದೈತೆ, ಮೈ ತೊಳ್ಕೊ. ಬಿಸ್ಲಾಗೆ ಹೋಗ್ಬ್ಯಾಡ. ಮಜ್ಜಿಗೆಗೆ ಉಪ್ಪು ಸಾಕಾ.

ದೂರದ ದೋಣಿಯಲ್ಲಿ ಅಪ್ಪನ ತಲೆ ಆಡುವುದು ಕಂಡಿತು. ಸಂಜೆ ಫೋನು ಒತ್ತಿ ಹಿಡಿಯುವಾಗಿನ ಆ ಕಷ್ಟ ಅದರಲ್ಲಿರಲಿಲ್ಲ, ಮನೆಯ ಜಗುಲಿಯಲ್ಲಿ ಕೂತು ಆಡಿಸುವ ಹಾಗೇ ಆಡಿಸುತ್ತಿದ್ದ. ದೋಣಿ ಇನ್ನೂ ದೂರ ಹೋಯಿತು. ನಾನು ಹೇಳುತ್ತಲೇ ಇದ್ದೆ. ಒಂದು ಹಂತದಲ್ಲಿ ಕಮಲಿ ಯಂತ್ರದ ಕಡೆ ಬಗ್ಗಿ ನೋಡಿ, ಅಪ್ಪನ ಹೆಗಲಿಂದ ಟವೆಲು ತೆಗೆದು ಮೇಲೆತ್ತಿದಳು. ನಾನು ಅಭ್ಯಾಸಬಲದಿಂದ ಬಾಯಿ ಮುಚ್ಚಬೇಕು, ಅಷ್ಟರಲ್ಲಿ ಅಪ್ಪ ಕೈ ಚಾಚಿ ಅವಳ ಕೈಯಿಂದ ಟವೆಲನ್ನು ಇಳಿಸಿದ. ಮಡಚಿ, ಮತ್ತೆ ತನ್ನ ಹೆಗಲಿಗೆ ಹಾಕಿಕೊಂಡ.

ದಡಕ್ಕೆ ಬಂದು ಇಳಿದ ಮೇಲೆ ಕಮಲಿ ನನ್ನ ಕೈಯಿಂದ ಮಿಷನ್ನು ತೆಗೆದುಕೊಂಡಳು. ಬುತ್ತಿ ಬಿಚ್ಚುವಾಗ ಅಪ್ಪನ ಬಲಕ್ಕೆ ಕೂತು, ಮಿಷನ್ನು ಸರಿಯಾಗಿ ಕೂರಿಸಿ, ಕೇಳಿದಳು.

“ಯಂತ್ರದಾಗೆ ಏನೂ ಉಳಿದಿರಲಿಲ್ಲಪ್ಪ, ಬರೀ ನೀರಿನ ಸದ್ದು. ನಿಂಗೆ ಏನ್ ಕೇಳ್ತು?”

“ರತ್ನಿ ಮಜ್ಜಿಗೆ ಉಪ್ಪು ಕೇಳಿದ್ಲು.”

“ಗೊತ್ತಿರೋ ಮಾತು ಕೇಳಿದ್ರೆ ಅದು ಅಳತೆ ಅಲ್ಲ ಅಂತ ನೀನೇ ಅಂದಿದ್ದೆ.”

“ಹೂಂ,” ಅಂದ ಅಪ್ಪ. “ನಾನೆಲ್ಲಿ ಅಳೀತಿದ್ದೆ?”

ಕಮಲಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಹೊಸದಲ್ಲ. ಹೊಲದ ಆಚೆ ಚಿಕ್ಕದಾಗುವ ಎರಡು ಬೆನ್ನುಗಳನ್ನು ಬಾಗಿಲಲ್ಲಿ ಕೂತು ನೋಡುತ್ತಿದ್ದವಳ ಕಣ್ಣು ಅದು. ನನಗೆ ಖುಷಿಯಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಅವಳ ತಟ್ಟೆಯ ಮೊಸರನ್ನದ ಮೇಲೆ ಇನ್ನೊಂದು ಸೌಟು ಹಾಕಿದೆ.

ಜಾಗ ಉಳಿದದ್ದು ಅಪ್ಪನ ಎಡಗಡೆ. ಅಲ್ಲೇ ಕಲ್ಲಿನ ಮೇಲೆ ಕೂತೆ. ಸತ್ತ ಕಿವಿಯ ಕಡೆಯಿಂದಲೇ, ದನಿ ಏರಿಸದೆ, ಇನ್ನೊಂದಿಷ್ಟು ಮಜ್ಜಿಗೆ ಹಾಕ್ಲಾ ಎಂದು ಕೇಳಿದೆ. ಅಪ್ಪ ನೀರು ನೋಡುತ್ತಲೇ ಲೋಟ ಚಾಚಿದ.